ಕಾರಿಗೆ ಕನ್ನಡಿ ಕೂಡಿಸಿದ್ದು

ಅಜ್ಜಿ ಎನಿಸಿಕೊಂಡು ಆಕೆಗೆ ಇನ್ನೂ ವಾರ ತುಂಬಿರಲಿಲ್ಲ. ಅಷ್ಟರಲ್ಲಿ ಕಾರಿನ ಕನ್ನಡಿ ಎರಡನ್ನೂ ಮುರಿದು ಕೂತಿದ್ದಳು. ಕಾರನ್ನು ಹಿಂದಕ್ಕೆ ಬಿಡುವಾಗ ಎಡಗಡೆಯದು ಗೇಟಿನ ಎಡಗಂಬಕ್ಕೆ ಹೋಯಿತು. ಮರುದಿನ ಆ ಕಂಬಕ್ಕೆ ಹೆದರಿ, ಅದರಿಂದ ದೂರ ದೂರ ಸರಿಯುತ್ತ ಹೋಗಿ, ಬಲಗಡೆಯದನ್ನು ಬಲಗಂಬಕ್ಕೆ ಒಪ್ಪಿಸಿದಳು.

"ಸದ್ಯ, ಕಾರಿಗೆ ಎರಡೇ ಕಿವಿ ಇದ್ದದ್ದು ಒಳ್ಳೇದಾಯ್ತು ಕಣ್ರೀ," ಎಂದಳು ಎದುರುಮನೆಯಾಕೆ.

ಗಂಡನಿದ್ದಾಗಲೇ ಆಕೆ ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದಿದ್ದಳು. ಆದರೆ "ನಾನಿರೋವಾಗ ನಿನಗ್ಯಾಕೆ ಆ ಕಷ್ಟ" ಎಂದು ಅವರೇ ಓಡಿಸುತ್ತಿದ್ದರು. ಅವರು ಈ ಚಳಿಗಾಲದಲ್ಲಿ ತೀರಿಕೊಂಡರು. ಅಂದಿನಿಂದ ಕಾರು ಹೊದಿಕೆ ಹೊದ್ದು ಅಂಗಳದಲ್ಲಿ ನಿಂತೇ ಇತ್ತು. ಮೊಮ್ಮಗಳು ಹುಟ್ಟಿದ ದಿನ ಆಕೆ ದೇವರ ಮುಂದೆ ಕೈಮುಗಿದು, "ಮಗು ಆಸ್ಪತ್ರೆಯಿಂದ ತಾತನ ಕಾರಿನಲ್ಲೇ ಮನೆಗೆ ಬರಬೇಕು. ನಾನೇ ಕರೆತರಬೇಕು. ನೀನು ಜೊತೆಗಿರು," ಎಂದು ಹೇಳಿಬಿಟ್ಟಳು. ಮನುಷ್ಯರಿಗೆ ಕೊಟ್ಟ ಮಾತಾದರೆ ಹಿಂದೆ ಮುಂದೆ ಆದೀತು; ಇದು ಹಾಗಲ್ಲ.

ಅಭ್ಯಾಸಕ್ಕೆಂದು ಕಾರು ತೆಗೆದಾಗ ಕನ್ನಡಿಗಳು ಇನ್ನೂ ಅವರ ಎತ್ತರಕ್ಕೆ ತಿರುಗಿದ್ದವು. ಅವರ ಕೈ ಇಟ್ಟ ಹಾಗೆಯೇ ಇರಲಿ ಎಂದು ಆಕೆ ಮುಟ್ಟಲಿಲ್ಲ. ಆರಡಿ ಆಳಿನ ಕನ್ನಡಿಯಲ್ಲಿ ಕುಳ್ಳಿಗೆ ಕಂಡದ್ದು ಬರೀ ಆಕಾಶ. ಕಂಬಗಳೇನು ಆಕಾಶದಲ್ಲಿದ್ದವೇ?

ಈಗ ಸಂಜೆಗೆ ಡಿಸ್ಚಾರ್ಜ್. ಬೆಳಿಗ್ಗೆಯೇ ಅಳಿಯ ಫೋನ್ ಮಾಡಿದ.

"ಅತ್ತೆ, ಸುಮ್ನೆ ತೊಂದ್ರೆ ತಗೋಬೇಡಿ. ಟ್ಯಾಕ್ಸಿ ಹೇಳ್ಬಿಡ್ತೀನಿ."

"ಸಂಜೆವರೆಗೂ ತಡಿಯಪ್ಪ. ನಾನು ಬರ್ಲಿಲ್ಲ ಅಂದ್ರೆ ಹೇಳುವೆಯಂತೆ."

ಬಿಡಿಭಾಗದ ಅಂಗಡಿಯಿಂದ ಎರಡು ಡಬ್ಬ ಹಿಡಿದು ಬಂದವನು ಮೈದುನ, ಗಂಡನ ಕಡೆಯ ತಮ್ಮ. ಬೀದಿಯ ಮೂಲೆಯಲ್ಲಿ ಅವನದೊಂದು ಕಟಿಂಗ್ ಶಾಪು.

"ಮೆಕ್ಯಾನಿಕ್ಕಿಗೆ ಇವತ್ತು ಪುರುಸೊತ್ತಿಲ್ವಂತೆ. ಇರ್ಲಿ ಬಿಡಿ. ಕನ್ನಡಿ ವಿಷಯ ನನಗಿಂತ ಯಾರಿಗೆ ಗೊತ್ತು ಅತ್ತಿಗೆ? ಬೆಳಗಾದ್ರೆ ಕನ್ನಡಿ ಮುಂದೇನೇ ನನ್ನ ಬಾಳು."

ಡಬ್ಬ ಬಿಚ್ಚಿದರೆ ಕನ್ನಡಿ ಇಡಿಯಾಗಿರಲಿಲ್ಲ. ಬಾಗಿಲಿಗೆ ಕೂರುವ ಕಾಲು ಬೇರೆ, ಕರಿಯ ಚಿಪ್ಪು ಬೇರೆ, ಗಾಜು ಬೇರೆ, ರಬ್ಬರು ಬೇರೆ. ಪುಟ್ಟ ಪೊಟ್ಟಣದಲ್ಲಿ ಸ್ಕ್ರೂಗಳು. ಆಕೆ ಅವನ್ನೆಲ್ಲ ಹಳೆಯ ಬೆಡ್‌ಶೀಟಿನ ಮೇಲೆ ಹರಡಿ, ಕಾಲಿಗೆ ಚಿಪ್ಪು ಸಿಕ್ಕಿಸಿಕೊಟ್ಟಳು. ಮೈದುನ ಬಾಗಿಲಿನ ಒಳಮೂಲೆಯ ಪ್ಲಾಸ್ಟಿಕ್ ಮುಚ್ಚಳವನ್ನು ಬಾಚಣಿಗೆಯ ಹಿಡಿಯಿಂದ ಮೀಟಿ ತೆಗೆದ. ಅವನು ಒಳಗಿನಿಂದ ಸ್ಕ್ರೂ ಬಿಚ್ಚುವಾಗ ಆಕೆ ಹೊರಗೆ ನಿಂತು, ಹಳೆಯ ಕನ್ನಡಿಯ ಮೋಟು ಕೆಳಗೆ ಬೀಳದಂತೆ ಹಿಡಿದುಕೊಂಡಳು. ಹೊಸದಕ್ಕೆ ಅಡಿಯಲ್ಲಿ ರಬ್ಬರು ಇಟ್ಟು ತೂತಿಗೆ ತೂತು ಕೂಡಿಸಬೇಕು. ಒಂದು ಕೂಡಿತೆನ್ನುವಷ್ಟರಲ್ಲಿ ಇನ್ನೊಂದು ಜಾರುವುದು.

"ಮೇಲೆತ್ತಿ ಅತ್ತಿಗೆ. ಇನ್ನೂ ಸ್ವಲ್ಪ. ಅಯ್ಯೋ, ಅಷ್ಟಲ್ಲ!"

"ಗಿರಾಕಿ ತಲೆ ತಿರುಗಿಸಿದ ಹಾಗೆ ನನ್ನ ತಿರುಗಿಸ್ಬೇಡ. ಮೊದ್ಲು ಸ್ಕ್ರೂ ಹಾಕು."

"ಗಿರಾಕಿ ಇಷ್ಟು ಮಾತಾಡಿದ್ರೆ ಇಷ್ಟೊತ್ತಿಗೆ ಕಿವಿ ಹೋಗಿರೋದು."

ಸ್ಕ್ರೂಗಳು ಬಿಗಿಯಾದವು. ಉಳಿದದ್ದು ಗಾಜು. ಅದರ ಬೆನ್ನಿನ ಕೊಕ್ಕೆಗಳನ್ನು ಚಿಪ್ಪಿನೊಳಗಿನ ಬಿಲ್ಲೆಗೆ ಸರಿಯಾಗಿ ಇಟ್ಟು, ನಡುವೆ ಅಂಗೈ ಊರಿ ಒತ್ತಬೇಕು. ಅಂಚಿನಲ್ಲಿ ಒತ್ತಿದರೆ ಬಿರುಕು. ಮೈದುನನ ಧೈರ್ಯ ಇಲ್ಲಿ ಸೋರಿಹೋಯಿತು.

"ನೀವೇ ಒತ್ತಿ. ಒಡೆಯೋದು ನಿಮಗೆ ಅಭ್ಯಾಸ ಇದೆ."

ಆಕೆ ದೇವರನ್ನು ನೆನೆದು ಒತ್ತಿದಳು. ಟಕ್ ಎಂದಿತು. ಇಬ್ಬರೂ ಉಸಿರು ಹಿಡಿದು ನೋಡಿದರು, ಕೂದಲೆಳೆಯಷ್ಟೂ ಬಿರುಕಿಲ್ಲ. ಇನ್ನೊಂದನ್ನೂ ಹಾಗೆಯೇ ಕೂಡಿಸಿದರು.

"ಈಗ ಕೂತ್ಕೊಳ್ಳಿ," ಎಂದು ಮೈದುನ ಆಕೆಯನ್ನು ಸೀಟಿನಲ್ಲಿ ಕೂರಿಸಿದ. ಒಂದು ಕಣ್ಣು ಮುಚ್ಚಿ, ತಲೆ ವಾಲಿಸಿ, ಎರಡೂ ಕಡೆಯ ಗಾಜನ್ನು ನಾಜೂಕಾಗಿ ತಿರುಗಿಸಿದ. "ಹೇಗಿದೆ ಅತ್ತಿಗೆ?"

ಆಕೆ ಬಲಕ್ಕೆ ನೋಡಿದಳು, ತನ್ನ ಮುಖ. ಎಡಕ್ಕೆ ನೋಡಿದಳು, ಅಲ್ಲೂ ತನ್ನ ಮುಖವೇ.

ಆಕೆ ಬೆಚ್ಚಿದಳು. ಅವರು ಹೋದಮೇಲೆ ಆಕೆ ಕನ್ನಡಿ ನೋಡಿದ್ದು ತಲೆ ಬಾಚಿಕೊಳ್ಳುವಷ್ಟಕ್ಕೆ, ಅದೂ ಬೈತಲೆಯನ್ನು ಮಾತ್ರ. ಈ ಮುಖದ ಗಲ್ಲಕ್ಕೆ ಮಸಿ ಹತ್ತಿತ್ತು, ಹಣೆ ಬೆವರಿತ್ತು, ಮತ್ತು ಅದು ನಗುತ್ತಿತ್ತು. ಯಾವಾಗಿನಿಂದ ನಗುತ್ತಿದ್ದೇನೆಂದು ಆಕೆಗೇ ತಿಳಿಯದು. ಅವರಿಲ್ಲದೆ ನಗಬಹುದೇ ಎಂಬ ಅಳುಕು ಎದೆಗೆ ಬಂತು. ಬಂದದ್ದು, ಮನೆ ತಪ್ಪಿ ಬಂದ ನೆಂಟನ ಹಾಗೆ ಅರೆಗಳಿಗೆ ನಿಂತು ಹೊರಟುಹೋಯಿತು. ಕೊಟ್ಟವನೂ ಆ ದೇವರೇ, ಕರೆದುಕೊಂಡವನೂ ಅವನೇ; ಈಗ ಮತ್ತೆ ಕೊಟ್ಟಿದ್ದಾನೆ. ಕೊಟ್ಟಾಗ ಮುಖ ಗಂಟಿಕ್ಕಿಕೊಂಡಿದ್ದರೆ ಅದು ಭಕ್ತಿಯಲ್ಲ.

"ಏನಪ್ಪಾ ಇದು, ನನ್ನ ಮುಖ ಕಾಣ್ತಿದೆ!"

"ಕನ್ನಡಿಯಲ್ಲಿ ಮುಖ ಕಾಣದೆ ಇನ್ನೇನು ಕಾಣ್ಬೇಕು?"

"ಹಿಂದಿನ ರಸ್ತೆ ಕಾಣ್ಬೇಕು ಪುಣ್ಯಾತ್ಮ!"

ಮೈದುನನದು ಕೂತವರಿಗೆ ಅವರವರ ಮುಖ ತೋರಿಸಿ ತೋರಿಸಿ ಪಳಗಿದ ಕೈ. ಅದಕ್ಕೆ ಬೇರೆ ವಿದ್ಯೆ ತಿಳಿಯದು. ಗೇಟಿನ ಬಳಿ ನಿಂತು ನೋಡುತ್ತಿದ್ದ ಎದುರುಮನೆಯಾಕೆ ನಗು ತಡೆಯಲಾರದೆ, "ಹಾಗೇ ಪೌಡರ್ ಹಚ್ಚಿ ಕಳ್ಸಿಬಿಡಪ್ಪ!" ಎನ್ನುತ್ತ ತಾನೇ ಬಂದು ಎಡಗಡೆಯ ಗಾಜಿಗೆ ಕೈಹಾಕಿದಳು. ಬಲಗಡೆಯದನ್ನು ಸೀಟಿನಲ್ಲಿದ್ದ ಆಕೆ ಕಿಟಕಿಯಿಂದ ಕೈಚಾಚಿ ತಿರುಗಿಸಿದಳು. ಮೈದುನ ಹಿಂದೆ ಹೋಗಿ ಟವಲ್ ಬೀಸುತ್ತ ನಿಂತ.

"ಈಗ ಕಾಣ್ತೀನಾ?"

"ಬರೀ ಹೊಟ್ಟೆ ಕಾಣ್ತಿದೆ."

"ಮತ್ತಿನ್ನೇನು, ಮುಕ್ಕಾಲು ಪಾಲು ನಾನು ಅದೇ!"

ಹೊರಡುವ ಹೊತ್ತಿಗೆ ಅವನಿಗೆ ಗೇಟು ನೆನಪಾಯಿತು. "ದಾಟೋವರೆಗೂ ಎರಡನ್ನೂ ಮಡಚಿಬಿಡೋಣ್ವಾ?"

"ಕಣ್ಣು ಮುಚ್ಕೊಂಡು ಹೊಸ್ತಿಲು ದಾಟೋದಾ? ಬೇಡ. ಹತ್ತು."

ಆಕೆ ಕಾರನ್ನು ಹಿಂದಕ್ಕೆ ಬಿಟ್ಟಳು. ಬಲಗನ್ನಡಿಯಲ್ಲಿ ಒಂದು ಕಂಬ ಬಂತು, ಎಡಗನ್ನಡಿಯಲ್ಲಿ ಇನ್ನೊಂದು. ಕಾರು ಸಪೂರವಾದೀತೆಂಬಂತೆ ಮೈದುನ ಹೊಟ್ಟೆ ಒಳಗೆಳೆದುಕೊಂಡು ಕೂತಿದ್ದ. ಎರಡು ಕಂಬಗಳೂ ಮೆಲ್ಲಗೆ ಬಳಿ ಬಂದು, ಮುಟ್ಟದೆ, ಮುಂದಕ್ಕೆ ಹೋದವು. ಎದುರುಮನೆಯಾಕೆ ಚಪ್ಪಾಳೆ ತಟ್ಟಿದಳು.

ಆಸ್ಪತ್ರೆಯ ಮೆಟ್ಟಿಲ ಬಳಿ ಕಾರು ನಿಂತಾಗ ಅಳಿಯ ಫೋನು ಹಿಡಿದು ಟ್ಯಾಕ್ಸಿ ಹುಡುಕುತ್ತಿದ್ದ. ಮಗಳು ಮಾತ್ರ ಮಗುವನ್ನೆತ್ತಿಕೊಂಡು, ಏನೂ ಕೇಳದೆ, ಬಂದು ಹಿಂದೆ ಕೂತಳು.

ಮರಳುವಾಗ ದೊಡ್ಡ ರಸ್ತೆಯಲ್ಲಿ ಆಕೆ ಕನ್ನಡಿ ನೋಡಿ ಹಿಗ್ಗಿದಳು. "ನಮ್ಮ ಹಿಂದೆ ಎಷ್ಟೊಂದು ಗಾಡಿ ಬರ್ತಿವೆ ನೋಡಿ!"

"ಬರ್ತಿಲ್ಲ ಅತ್ತೆ," ಎಂದ ಅಳಿಯ. "ಕಾಯ್ತಿವೆ."

ಮಗಳು ನಗು ತಡೆದುಕೊಂಡಳು. ಮಡಿಲಲ್ಲಿ ಮಗು ಮುಷ್ಟಿ ಕಟ್ಟಿ ಮಲಗಿತ್ತು.

"ಕಾಯ್ಲಿ ಬಿಡಪ್ಪ," ಎಂದಳು ಅಜ್ಜಿ, ಇನ್ನಷ್ಟು ನಿಧಾನ ಮಾಡುತ್ತ. "ಮುಂದೆ ಗುಂಡಿ ಇದೆ. ಮಗೂಗೆ ಎಚ್ಚರವಾಗುತ್ತೆ."