ಹೊಂಡದ ಮೀನು

ಸೊಣ್ಣಮ್ಮ ಮೀನಿನ ಹೊಟ್ಟೆ ಸೀಳಿದಾಗ ಒಳಗಿನಿಂದ ನೀರುಕೋಳಿಯ ಮರಿಯೊಂದು ಜಾರಿ ಕಲ್ಲಿನ ಮೇಲೆ ಬಿತ್ತು. ರೆಕ್ಕೆ ಇನ್ನೂ ಕರಗಿರಲಿಲ್ಲ. ಅದರ ಹಿಂದೆಯೇ ಆರು ರೋಹು ಮರಿಗಳು, ಒಂದು ಕಪ್ಪೆ. ಕರುಳೆಲ್ಲ ಹೊರಬಂದ ಮೇಲೂ ಆ ಮೀನು ಬಾಯಿ ತೆರೆಯುತ್ತಲೇ ಇತ್ತು. ಅವಳು ಮಚ್ಚಿನ ಬೆನ್ನಿನಿಂದ ತಲೆಗೆ ಮೂರು ಸಲ ಹೊಡೆದಳು. ನಾಲ್ಕನೆಯದಕ್ಕೆ ಸತ್ತಿತು.

ಮಧುರೆ ಹೋಬಳಿಯ ಆ ಸಣ್ಣ ಕೆರೆಯಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಬಲೆ ಬೀಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮೀನುಗಾರರ ಸಂಘದಲ್ಲಿ ಅವನ ಜಾಗ ಅವಳದಾಗಿತ್ತು. ಸಂಘದವರು ಬಿಟ್ಟಿದ್ದ ಕಾಟ್ಲಾ, ರೋಹು ಮರಿಗಳಲ್ಲಿ ಈ ವರ್ಷ ಬಲೆಗೆ ಬಿದ್ದದ್ದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕಪ್ಪು ಮೈಯ, ಉದ್ದ ಮೀಸೆಯ ಆಫ್ರಿಕನ್ ಕ್ಯಾಟ್‌ಫಿಶ್.

ಅವು ಎಲ್ಲಿಂದ ಬಂದವೆಂದು ಊರಿಗೆಲ್ಲ ಗೊತ್ತಿತ್ತು. ಕೆರೆಗೆ ನೀರು ತರುವ ಕಾಲುವೆಯ ಪಕ್ಕದ ತನ್ನ ಜಮೀನಿನಲ್ಲಿ ವೇಣುಗೋಪಾಲ್ ನಾಲ್ಕು ಹೊಂಡ ತೋಡಿಸಿ, ಸುತ್ತ ತಗಡಿನ ಬೇಲಿ ಹೊಡೆಸಿ, ಆ ಮೀನು ಸಾಕುತ್ತಿದ್ದ. ಸರ್ಕಾರ ಅದನ್ನು ನಿಷೇಧಿಸಿ ವರ್ಷಗಳೇ ಆಗಿದ್ದರೂ ದಿನಾ ಬೆಳಗ್ಗೆ ಅವಕ್ಕೆ ಹಾಕಲು ಕೋಳಿ ಕರುಳು ತುಂಬಿದ ಟೆಂಪೊ ಬೆಂಗಳೂರಿನಿಂದ ಬರುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಒಂದು ಹೊಂಡ ತುಂಬಿ ಹರಿದು ಮೀನು ಕೆರೆಗೆ ಇಳಿದಿತ್ತು. ಹೊಂಡ ಕಾಯುತ್ತಿದ್ದವನು ಸೊಣ್ಣಮ್ಮನ ಒಡಹುಟ್ಟಿದ ತಮ್ಮ ಕೆಂಪರಾಜ್. ಅದಕ್ಕೇ ಅವಳು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು.

ನೀರುಕೋಳಿ ಮರಿಯನ್ನು ಎಲೆಯಲ್ಲಿ ಸುತ್ತಿ ಅವಳು ಹೊಂಡದ ಹತ್ತಿರ ಹೋದಳು.

"ನೋಡೋ ಇದ್ನ. ನಿಮ್ಮ ಮೀನಿನ ಹೊಟ್ಟೇಲಿತ್ತು."

ಕೆಂಪರಾಜ್ ನೋಡಲಿಲ್ಲ. "ಮೀನು ಮೀನೇ ಕಣಕ್ಕ. ಸಿಕ್ಕಿದ್ನ ಹಿಡ್ದು ಮಾರ್ಕೊ."

"ಮಾರೋದಿರ್ಲಿ. ಇನ್ನೆರಡು ವರ್ಷ ಹೋದ್ರೆ ಕೆರೇಲಿ ಇದೊಂದೇ ಇರತ್ತೆ. ಆಮೇಲೆ ಒಂದ್ನೊಂದು ತಿಂತವೆ."

"ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ, ಹೋಗು."

ಅವಳು ಹೋದದ್ದು ದೊಡ್ಡಬಳ್ಳಾಪುರಕ್ಕೆ, ಮೀನುಗಾರಿಕೆ ಇಲಾಖೆಗೆ. ಅಲ್ಲಿನ ಅಧಿಕಾರಿ ವಾಣಿಶ್ರೀ ಅರ್ಜಿ ಓದಿ, ಹನ್ನೊಂದನೆಯ ದಿನ ಜೆಸಿಬಿ, ಉಳಿದ ಮೀನು ಸಾಯಲು ಹಾಕುವ ಬ್ಲೀಚಿಂಗ್ ಪೌಡರಿನ ಮೂಟೆಗಳು, ಇಬ್ಬರು ಪೊಲೀಸರ ಜೊತೆ ಬಂದರು. ಸಂಘದವರಿಗೂ ಬರಹೇಳಿದ್ದರು. ಜೆಸಿಬಿ ಮೀನು ಹೂಳಲು ಆಳದ ಗುಂಡಿ ತೋಡಿತು. ಮೊದಲ ಹೊಂಡದ ನೀರನ್ನು ಪಂಪು ಜಾಲರಿ ಕಟ್ಟಿದ ಪೈಪಿನಲ್ಲಿ ಎಳೆದು ಗದ್ದೆಗೆ ಬಿಟ್ಟಿತು. ತಳ ಕಂಡಾಗ ನೆಲವೇ ಹೊರಳಾಡಿದಂತಾಯಿತು. ಸಾವಿರಾರು ಮೀನುಗಳು ಒಂದರ ಮೇಲೊಂದು ಏರಿ ಕೆಸರು ಚಿಮ್ಮಿಸುತ್ತಿದ್ದವು. ಹಿಡಿದು ತುಂಬುತ್ತಿದ್ದ ಬುಟ್ಟಿಗಳಿಂದ ನೆಗೆದವು ಎದೆಯ ಈಜುರೆಕ್ಕೆಯೂರಿ ಕಾಲುವೆಯ ಕಡೆಗೇ ತೆವಳಿದವು. ಸಂಘದವರು ದೊಣ್ಣೆ ಹಿಡಿದು ಹಿಂದೆ ಬಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮುಖದ ಮೇಲೂ ರಕ್ತದ ಹನಿಗಳಿದ್ದವು. ಒಬ್ಬ ಪೊಲೀಸ್ ಬೇಲಿಯ ಹೊರಗೆ ಹೋಗಿ ವಾಂತಿ ಮಾಡಿಕೊಂಡ.

ಆಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ ಕೆಂಪರಾಜನಿಗೆ ಫೋನ್ ಬಂತು. ಆ ಕಡೆಯಿಂದ ವೇಣುಗೋಪಾಲ್ ಕಿರುಚಿದ್ದು ಸೊಣ್ಣಮ್ಮನಿಗೂ ಕೇಳಿಸಿತು: "ದೊಡ್ಡ ಹೊಂಡದ ಕಟ್ಟೆ ಒಡ್ದು ಮೀನು ಕಾಲುವೆಗೆ ಬಿಟ್ಬಿಡೋ! ಇರೋದಾದ್ರೂ ಉಳೀಲಿ!"

ಕೆಂಪರಾಜ್ ಸನಿಕೆ ಎತ್ತಿಕೊಂಡು ಆಚೆ ತುದಿಯ ಆ ಹೊಂಡದ ಕಡೆ ಓಡಿದ. ಅವಳು ಹಿಂದೆಯೇ ಓಡಿದಳು. ತಲುಪುವಷ್ಟರಲ್ಲಿ ಕಟ್ಟೆಯಲ್ಲಿ ಮೊಳದಷ್ಟು ಅಗಲದ ಕಂಡಿ ಬಿದ್ದು ನೀರಿನ ಜೊತೆ ಕಪ್ಪು ಮೈಗಳು ಜಾರುತ್ತಿದ್ದವು.

"ಬಿಡೋ! ಕೆರೆ ಹಾಳಾಗತ್ತೆ ಕಣೋ!" ಅವಳು ಸನಿಕೆ ಹಿಡಿದುಕೊಂಡಳು.

"ಅಡ್ಡ ಬರ್ಬೇಡ ಅಕ್ಕ!"

ಅವನು ಕಿತ್ತುಕೊಂಡು ಹಿಡಿಯಿಂದಲೇ ಬೀಸಿದ. ಅವಳ ಬಲಭುಜದ ಮೂಳೆ ಲಟಕ್ಕನೆ ಮುರಿಯಿತು. ಬಿದ್ದವಳನ್ನು ನೋಡಿ ಅವನು ಒಂದು ಗಳಿಗೆ ನಿಂತ. ಆಮೇಲೆ ತಿರುಗಿ ಮತ್ತೆ ಅಗೆಯತೊಡಗಿದ. ಅವಳು ಸೊಂಟದ ಮಚ್ಚನ್ನು ಎಡಗೈಯಿಂದ ಎಳೆದು, ಮಂಡಿಯ ಮೇಲೆ ಎದ್ದು, ಸನಿಕೆ ಹಿಡಿದ ಕೈಯ ಮೇಲೆ ಬೀಸಿದಳು.

ಎರಡು ಬೆರಳು ಕೆಸರಿಗೆ ಬಿದ್ದವು. ಕೆಂಪರಾಜ್ ಕೈಯನ್ನೇ ನೋಡುತ್ತಾ ಕುಸಿದ. ಸೊಣ್ಣಮ್ಮ ತೆವಳಿಕೊಂಡು ಹೋಗಿ ಕಂಡಿಗೆ ಬೆನ್ನು ಕೊಟ್ಟು ಕುಳಿತಳು. ಜೆಸಿಬಿ ಬಂದು ಮಣ್ಣು ಸುರಿಯುವವರೆಗೆ ಮೀನುಗಳು ಅವಳ ಬೆನ್ನಿಗೆ ಗುದ್ದುತ್ತಲೇ ಇದ್ದವು.

ಆಸ್ಪತ್ರೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಇಬ್ಬರ ಹೇಳಿಕೆಯನ್ನೂ ಬರೆದುಕೊಂಡರು. ತಗಡು ಹತ್ತುವಾಗ ಬೆರಳು ಕುಯ್ದುಹೋಯಿತು, ಅಕ್ಕ ಕಟ್ಟೆಯಿಂದ ಜಾರಿ ಬಿದ್ದಳು ಎಂದ ಕೆಂಪರಾಜ್. ಸೊಣ್ಣಮ್ಮ ಒಪ್ಪಲಿಲ್ಲ.

"ಸುಳ್ಳು ಸಾರ್. ಅವ್ನು ನನಗೆ ಹೊಡ್ದ, ನಾನು ಅವ್ನ ಕೈಗೇ ಹೊಡ್ದೆ. ಕಾಲಿಗೆ ಹೊಡ್ದಿದ್ರೆ ಕೂತ್ಕೊಂಡೇ ಅಗೀತಿದ್ದ."

ಇಬ್ಬರ ಮೇಲೂ ಕೇಸಾಯಿತು. ವೇಣುಗೋಪಾಲನ ಮೇಲೂ ಆಯಿತು. ಮೂವರೂ ಜಾಮೀನಿನ ಮೇಲೆ ಹೊರಬಂದರು. ನಾಲ್ಕೂ ಹೊಂಡಗಳನ್ನು ಇಲಾಖೆಯವರು ಮುಚ್ಚಿಸಿದರು. ಆದರೆ ಅಂದು ಕಂಡಿಯಿಂದ ದಾಟಿದ ಮೀನುಗಳು ಕೆರೆ ಸೇರಿದ್ದವು.

"ಪೂರ್ತಿ ಹೋಗಲ್ಲಮ್ಮ," ಎಂದರು ವಾಣಿಶ್ರೀ. "ನೀರು ಇಳಿದಾಗೆಲ್ಲ ಹಿಡೀಬೇಕು. ಸಣ್ಣದು ಅಂತ ಒಂದನ್ನೂ ವಾಪಸ್ ಬಿಡಬೇಡಿ. ವರ್ಷಗಟ್ಟಲೆ ಕೆಲ್ಸ ಇದು."

ಏಪ್ರಿಲ್‌ನಲ್ಲಿ ಕೆರೆ ಮೊಣಕಾಲುದ್ದಕ್ಕೆ ಇಳಿಯಿತು. ಸೊಣ್ಣಮ್ಮನ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಅವಳು ದಡದಲ್ಲಿ ಕುಳಿತು, ಬಲೆಗೆ ಬಿದ್ದ ಕ್ಯಾಟ್‌ಫಿಶ್‌ಗಳ ತಲೆಗೆ ಎಡಗೈಯಿಂದ ಹೊಡೆಯುತ್ತಿದ್ದಳು. ಮೂರನೆಯ ದಿನ ಕೆಂಪರಾಜ್ ಬಂದು ದೂರ ನಿಂತ. ಐದು ತಿಂಗಳಿಂದ ಇಬ್ಬರೂ ಮಾತಾಡಿರಲಿಲ್ಲ.

"ಏನ್ ಮಾಡ್ಲಿ ಹೇಳು," ಎಂದ.

ಅವಳು ತಲೆಯೆತ್ತಲಿಲ್ಲ. ದೊಣ್ಣೆಯೊಂದನ್ನು ಅವನ ಕಡೆ ಎಸೆದಳು. "ಒಂದೂ ನೀರಿಗೆ ಹೋಗ್ಬಾರ್ದು. ಅಲ್ಲಿ ನಿಂತ್ಕೊ."

ಅವನು ಒಂದೊಂದನ್ನೇ ಹಿಡಿದು ಹೊಡೆಯತೊಡಗಿದ. ಮೊಳದುದ್ದದ ಮೀನೊಂದು ಅವನ ಮೂರು ಬೆರಳಿನ ಹಿಡಿತದಿಂದ ಕೊಸರಿಕೊಂಡು ಚಂಗನೆ ಹಾರಿತು. ಇಬ್ಬರೂ ಒಟ್ಟಿಗೆ ಅದರ ಮೇಲೆ ಬಿದ್ದರು. ಕೆಸರಲ್ಲಿ ಹೊರಳಾಡಿದರು, ಸೊಣ್ಣಮ್ಮ ನೋವಿಗೆ ಕೂಗಿಕೊಂಡಳು. ಮೀನು ತಪ್ಪಿಸಿಕೊಂಡು ನೀರು ಸೇರಿತು.

"ಹೋಯ್ತಲ್ಲೋ, ಮುಂಡೇದೆ," ಎಂದಳು.

ಕೆಂಪರಾಜ್ ಬಲೆ ಹೆಗಲಿಗೆ ಹಾಕಿಕೊಂಡು, ಅದು ಹೋದ ದಿಕ್ಕಿಗೆ ನೀರಿಗಿಳಿದ.