ದ್ಯಾಮಣ್ಣನ ಕಾಲಳತೆ

ಗುರುಪಾದ ತೀರಿಕೊಂಡ ತನ್ನ ಅಣ್ಣ ದ್ಯಾಮಣ್ಣನ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ದಾರ ಎಳೆದು ಗಂಟು ಹಾಕಿದ. ಕುಣಿಯ ಉದ್ದಗಲ ಸತ್ತವರ ಪಾದದ ಲೆಕ್ಕದಲ್ಲೇ ಆಗಬೇಕು. ಈಗಷ್ಟೇ ಸ್ನಾನ ಮಾಡಿಸಿ ಪೀಠದ ಮೇಲೆ ಕೂಡಿಸಿದ್ದರಿಂದ ಪದ್ಮಾಸನಕ್ಕೆ ಇನ್ನೂ ಮಡಚದ ಅವನ ಕಾಲುಗಳು ಕೆಳಗಿಳಿದಿದ್ದವು. ಜೀವಮಾನವೆಲ್ಲ ಅಳೆದವನನ್ನು ಇಂದು ಬೇರೆಯವರು ಅಳೆಯುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಸಂಘಮಿತ್ರಾ ಆ ದಾರ ನೋಡಿ ಅಳುವುದನ್ನೇ ಮರೆತಳು. ಅವಳ ಚೀಲದಲ್ಲಿ ದ್ಯಾಮಣ್ಣ ಹಳ್ಳದ ನೀರಿನ ಮಟ್ಟ ಬರೆದಿಟ್ಟ ಹನ್ನೊಂದು ವಹಿಗಳಿದ್ದವು. ಹೊನ್ನಗುಂಡಿ ಹಳ್ಳದ ಜಲವಿದ್ಯುತ್ ಯೋಜನೆಗೆ ಆಕ್ಷೇಪಣೆ ಸಲ್ಲಿಸಲು ಸಂಜೆ ಐದಕ್ಕೆ ಗಡುವು ಮುಗಿಯುತ್ತಿತ್ತು.

*

ಹಳ್ಳದಲ್ಲಿ ನೀರಿನ ಮಟ್ಟ ಬರೆಯುವುದು ದ್ಯಾಮಣ್ಣನ ನೌಕರಿ. ಒಂದು ಮಳೆಗಾಲ ಅಳತೆಯ ಕಂಬ ಕೊಚ್ಚಿಹೋಯಿತು. ಹೊಸದಕ್ಕೆ ಅರ್ಜಿ ಬರೆದು ಬರೆದು ಸಾಕಾಗಿ, ಅವನೇ ಕಂಬವಾದ. ದಿನಾ ಮುಂಜಾನೆ ಎಂಟಕ್ಕೆ ಅದೇ ಚಪ್ಪಟೆ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ನೀರು ಎಲ್ಲಿಯವರೆಗೆ ಬಂತೆಂದು ಬರೆಯುತ್ತಿದ್ದ: ಕಾಲಿನ ಗಿಣ್ಣು, ಮೀನಖಂಡ, ಮೊಣಕಾಲು. ನಿವೃತ್ತಿಯವರೆಗೆ ಹನ್ನೊಂದು ವರ್ಷ.

ಯೋಜನೆಯ ವರದಿ ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ ಎಂದಿತ್ತು. ಬತ್ತುವ ಹಳ್ಳಕ್ಕೆ ನೀರು ಬಿಡುವ ಮಾತೇಕೆ, ಎಲ್ಲವನ್ನೂ ಕೊಳವೆಗೆ ತಿರುಗಿಸಬಹುದು ಎಂಬುದು ಅದರ ವಾದ. ಕೆಳಗಿನ ಊರು, ನೀರುನಾಯಿಗಳು ಲೆಕ್ಕಕ್ಕೇ ಇರಲಿಲ್ಲ. ಆ ಹಳ್ಳದ ಜೀವಿಗಳನ್ನು ಅಧ್ಯಯನ ಮಾಡುತ್ತಿದ್ದ ಸಂಘಮಿತ್ರಾ ವಹಿಗಳನ್ನು ಕಚೇರಿಗೆ ಒಯ್ದಳು. ಅಧಿಕಾರಿ ಪುಟ ತಿರುವಿ, ಗಿಣ್ಣು ಅಂದರೆ ಎಷ್ಟು ಸೆಂಟಿಮೀಟರು, ಯಾರ ಗಿಣ್ಣು ಎಂದು ಕೇಳಿದ. ಕೇಳಿದ್ದು ತಪ್ಪೇನಲ್ಲ.

ಆಕೆ ಬಂದು ಹೇಳಿದಾಗ ದ್ಯಾಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಕರೆಂಟ್ ಬ್ಯಾಡ ಅನ್ನೂದಿಲ್ಲವಾ. ಹಳ್ಳಕ್ಕ ಎಷ್ಟು ಬಿಡಬೇಕಂತ ಅಳದು ಹೇಳ್ರಿ ಅಂತೇನಿ. ಸೋಮವಾರ ಕಾಲು ತಗೊಂಡು ನಾನ ಬರ್ತೇನಿ."

ಸೋಮವಾರ ನಸುಕಿನಲ್ಲೇ ಅವನ ಉಸಿರು ನಿಂತಿತ್ತು.

*

ಸಂಘಮಿತ್ರಾ ದ್ಯಾಮಣ್ಣನ ಹೆಂಡತಿ ಶಿವಬಸವ್ವನ ಮುಂದೆ ಕುಕ್ಕರಿಸಿದಳು.

"ಕಾಕೂ, ಕಾಕಾನ ಕಾಲು ಅಳೀಲೇನ್ರಿ? ಮೊಣಕಾಲತನಕ."

ಹಿರಿಯರೊಬ್ಬರು ಹೆಣದ ಮುಂದೆ ಇದೆಂಥ ಆಟ ಎಂದು ಗದರಿದರು. ದೇಹ ಸೆಟೆಯುವ ಮೊದಲು ಕಾಲು ಮಡಚಬೇಕು, ಹೊತ್ತಾಗುತ್ತದೆ ಎಂದು ಗುರುಪಾದ ಚಡಪಡಿಸಿದ. ಶಿವಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಧೋತರವನ್ನು ತಾನೇ ಮೊಣಕಾಲಿನ ಮೇಲೆ ಸರಿಸಿದಳು.

"ಅಳಿಯವಾ. ಬರ್ತೇನಂತ ಮಾತು ಕೊಟ್ಟಾರ."

ಪಕ್ಕದ ಮನೆಯ ದರ್ಜಿ ಇಕ್ಬಾಲ ಓಡಿಹೋಗಿ ಟೇಪು ತಂದ. ಗಿಣ್ಣು ಒಂಬತ್ತು ಸೆಂಟಿಮೀಟರು, ಮೀನಖಂಡ ಇಪ್ಪತ್ತೆಂಟು, ಮೊಣಕಾಲು ನಲವತ್ತಾರು. ಫೋಟೋದಲ್ಲಿ ಗುರುತು ಕಾಣುವುದಿಲ್ಲವೆಂದು ಸಂಘಮಿತ್ರಾ ಪೇಚಾಡುತ್ತಿರುವಾಗ, ವಿಭೂತಿ ತೇಯುತ್ತಿದ್ದ ಸ್ವಾಮಿಗಳು ಎದ್ದು ಬಂದು, ಎಲ್ಲೆಲ್ಲಿ ಎಂದು ಕೇಳಿ, ಮೂರೂ ಕಡೆ ಬೆಳ್ಳನೆಯ ಗೆರೆ ಎಳೆದರು. ಗದರಿದ್ದ ಹಿರಿಯರೇ ಟೇಪಿನ ತುದಿ ನೆಟ್ಟಗೆ ಹಿಡಿದುಕೊಂಡರು.

ಸಂಘಮಿತ್ರಾ ಸಂಭ್ರಮದಿಂದ ಚೀಲದ ವಹಿಗಳನ್ನು ಹೊರಗೆಳೆದಳು. ವಹಿ ತೆರೆದು ಓದಿದಳು: ಹನ್ನೊಂದು ಬೇಸಿಗೆಗಳಲ್ಲಿ ನೀರು ಒಂದು ದಿನವೂ ಗಿಣ್ಣಿಗಿಂತ, ಅಂದರೆ ಒಂಬತ್ತು ಸೆಂಟಿಮೀಟರಿಗಿಂತ, ಕೆಳಗಿಳಿದಿರಲಿಲ್ಲ. ಅಂಗಳದಲ್ಲಿದ್ದವರೆಲ್ಲ ಸಾವಿನ ಮನೆಯೆಂಬುದನ್ನೂ ಮರೆತು ಒಟ್ಟಿಗೇ ಮಾತಾಡತೊಡಗಿದರು. ಮಧ್ಯಾಹ್ನದೊಳಗೆ ಫೋಟೋ, ವಹಿಗಳು ಕಚೇರಿ ಸೇರಬೇಕೆಂದು ಇಕ್ಬಾಲ ಆಗಲೇ ಬೈಕು ಚಾಲೂ ಮಾಡಿದ್ದ.

ಗುರುಪಾದ ಕಾಲು ಮಡಚಲು ಬಗ್ಗಿದ. ಶಿವಬಸವ್ವ ತಡೆದಳು. ಆಳವಾದ ಹಿತ್ತಾಳೆ ಪರಾತ ಎಳೆದು ಗಂಡನ ಎರಡೂ ಪಾದಗಳನ್ನು ಅದರೊಳಗಿಟ್ಟು, ಕೊಡದಿಂದ ನೀರು ಸುರಿಯತೊಡಗಿದಳು. ನೀರು ಮೆಲ್ಲಗೆ ಏರಿ ಕೆಳಗಿನ ಬಿಳಿ ಗೆರೆ ಮುಟ್ಟಿತು. ಅವಳು ಕೊಡ ನೆಟ್ಟಗೆ ಮಾಡಿ, ಗೋಡೆಯ ಗಡಿಯಾರ ನೋಡಿದಳು. ಎಂಟಾಗಿತ್ತು.