ಒಂದೇ ಮನೆಯ ಎರಡು ಅರ್ಜಿ

ಅಂತರರಾಷ್ಟ್ರೀಯ ಸಂಬಂಧಗಳ ಇತಿಹಾಸ ಕಲಿಸಲು ವಿಶ್ವವಿದ್ಯಾಲಯ ಆ ವರ್ಷ ಕರೆದದ್ದು ಒಬ್ಬರೇ ಅತಿಥಿ ಉಪನ್ಯಾಸಕರನ್ನು, ಅದೂ ಆರು ತಿಂಗಳಿಗೆ. ಹಿಂದಿನ ಒಂಬತ್ತು ವರ್ಷವೂ ಇಬ್ಬರನ್ನು ತೆಗೆದುಕೊಳ್ಳುತ್ತಿದ್ದರು. ಆ ಇಬ್ಬರು ಗಂಡ ಹೆಂಡತಿ. ಎಂ.ಎ. ಓದುವಾಗ ಒಂದೇ ತರಗತಿ, ಆಮೇಲೆ ಒಂದೇ ಮನೆ, ಒಂದೇ ಸ್ಟಾಫ್ ರೂಮು. ಓದುವ ಕಾಲದಲ್ಲಿ ಅವಳು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದಳು. ಮದುವೆಯಾದ ಮೇಲೆ ಅತ್ತೆಯ ಕಿವಿಗೆ ಹೆದರಿ ಅಂದ ‘ರೀ’ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು.

ಪ್ರಕಟಣೆ ನೋಡಿದ ದಿನ ಹೆಚ್ಚು ಮಾತಾಗಲಿಲ್ಲ. ಇಬ್ಬರೂ ಅರ್ಜಿ ಹಾಕೋಣ, ಯಾರಿಗಾದರೂ ಸಿಗಲಿ ಎಂದು ಅವನೇ ಹೇಳಿದ. ಬಟಾಣಿ ಸುಲಿಯುತ್ತಿದ್ದ ಅತ್ತೆ, ಯಾರ ಪರವಾಗಿ ಬೇಡಿಕೊಳ್ಳಲಿ ಅಂತ ಮೊದಲೇ ತಿಳಿಸಿಬಿಡಿ ಎಂದು ತಮಾಷೆ ಮಾಡಿದರು. ಯಾರಿಗೂ ನಗು ಬರಲಿಲ್ಲ.

ಸಂದರ್ಶನದ ದಿನ ಕಾರಿಡಾರಿನ ಬೆಂಚಿನ ಮೇಲೆ ಏಳು ಜನ ಫೈಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವಳ ಫೈಲಿನಲ್ಲಿ ವರ್ಷಕ್ಕೊಂದರಂತೆ ಒಂಬತ್ತು ಅನುಭವ ಪತ್ರ, ಅಂಕಪಟ್ಟಿಗಳು, ಎಲ್ಲದಕ್ಕೂ ಸಹಿ ಮಾಡಿಸಿದ ನಕಲು. ಪ್ರತಿ ವರ್ಷ ಅವೇ ಕಾಗದಗಳನ್ನು ಅವೇ ಜನಕ್ಕೆ ತೋರಿಸಿ ತೋರಿಸಿ ಅವಳಿಗೆ ಸುಸ್ತಾಗಿತ್ತು.

ಮೊದಲು ಅವನನ್ನು ಕರೆದರು. ಇಪ್ಪತ್ತು ನಿಮಿಷವಾದರೂ ಆಗಬೇಕಿತ್ತು. ಐದೇ ನಿಮಿಷಕ್ಕೆ ಹೊರಬಂದ. ನೀರು ಕುಡಿದು ಬರುತ್ತೇನೆಂದು ಅವಳ ಮುಖ ನೋಡದೆ ಮೆಟ್ಟಿಲಿಳಿದ. ಒಳಗೆ ಏನೋ ಅವಮಾನ ಮಾಡಿರಬೇಕು ಎಂದುಕೊಂಡಳು. ಅಷ್ಟರಲ್ಲಿ ಅವಳ ಸರದಿ ಬಂತು.

ಒಳಗೆ ಇದ್ದವರು ಇಬ್ಬರು: ಹೊರಗಿನಿಂದ ಬಂದ ವಿಷಯ ತಜ್ಞರು ಮತ್ತು ವಿಭಾಗದ ಮುಖ್ಯಸ್ಥರು. ಮುಖ್ಯಸ್ಥರಿಗೆ ವಿದ್ಯಾರ್ಥಿಗಳು ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಅವರ ವಾಕ್ಯ ಮುಗಿದದ್ದನ್ನು ಯಾರೂ ಕೇಳಿರಲಿಲ್ಲ. ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಗಳ ಒಕ್ಕೂಟ ಏಕೆ ಸೋತಿತು ಎಂದು ತಜ್ಞರು ಕೇಳಿದರು. ಹೋದ ವರ್ಷವೂ ಅದನ್ನೇ ಕೇಳಿದ್ದರು. ಅವಳ ಬಾಯಿ ತಾನಾಗಿ ಉತ್ತರ ಕೊಡುತ್ತಾ ಹೋಯಿತು. ಪಕ್ಕದ ಕೋಣೆಯಲ್ಲಿ ಇನ್ಯಾರೋ ಪಾಠ ಮಾಡುತ್ತಿದ್ದಂತೆ ಅವಳು ಅದನ್ನು ಕೇಳಿಸಿಕೊಂಡಳು.

“ನಿಮ್ಮ ಯಜಮಾನರು ಈಗ ತಾನೇ ಅರ್ಜಿ ವಾಪಸ್ ತಗೊಂಡ್ರು, ನಿಮಗೆ ಗೊತ್ತಿರಬಹುದು, ಹಾಗಾಗಿ ನಾವು...” ಎಂದರು ಅಲ್ಪವಿರಾಮ.

ಗೊತ್ತು ಎಂದುಬಿಟ್ಟಳು. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ತಜ್ಞರು ನಕ್ಕಾಗ ಅವಳ ಕಿವಿ ಬಿಸಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಆದೇಶ ಅವಳ ಕೈಗೆ ಬಂತು. ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಅವನು ಕೂತಿದ್ದ. ಅಲ್ಲಿಗೆ ಹೋಗುವಷ್ಟರಲ್ಲಿ ಅವಳು ಜಗಳಕ್ಕೆ ಸೊಂಟ ಕಟ್ಟಿಯಾಗಿತ್ತು.

“ಯಾರು ಕೇಳಿದ್ರು ರೀ ನಿಮ್ಮನ್ನ? ನೀವು ಬಿಟ್ಟುಕೊಟ್ರೆ ಮಾತ್ರ ನನಗೆ ಸಿಗೋದಾ?”

ಅವನು ಲೋಟ ಕೆಳಗಿಟ್ಟ. “ನಿನಗೋಸ್ಕರ ಅಲ್ಲ. ಒಕ್ಕೂಟ ಯಾಕೆ ಸೋತಿತು ಅಂತ ಕೇಳಿದ್ರು. ಬಾಯಿ ತೆಗೆದೆ, ಅದೇ ಉತ್ತರ ಬರ್ತಾ ಇತ್ತು. ಇನ್ನು ನನ್ನ ಕೈಲಾಗಲ್ಲ ಅನ್ನಿಸ್ತು. ಸಾಕಾಗಿದೆ ನನಗೆ.”

ಹೊತ್ತು ತಂದಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ. ಅವನ ಎದುರು ಕೂತಳು. ತನಗೆ ಒಂದು ಮಾತು ಹೇಳಲಿಲ್ಲವಲ್ಲ ಎಂಬ ನೋವಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಹೊಟ್ಟೆಕಿಚ್ಚಿತ್ತು.

“ನನಗೂ ಸಾಕಾಗಿದೆ,” ಎಂದಳು.

“ಗೊತ್ತು. ನಾನು ಮೊದಲು ಒಳಗೆ ಹೋದೆ, ಅಷ್ಟೇ.”

ಅವನು ಅವಳಿಗೊಂದು ಚಹಾ ಹೇಳಿದ. ಇಬ್ಬರೂ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದರು. ಕೂತ ಐದು ನಿಮಿಷಕ್ಕೆ ಅವನಿಗೆ ನಿದ್ದೆ ಬಂತು. ಎಷ್ಟೋ ತಿಂಗಳಿಂದ ಅವನು ಹಾಗೆ ಮೈಮರೆತು ಮಲಗಿದ್ದನ್ನು ಅವಳು ಕಂಡಿರಲಿಲ್ಲ. ಮುಂದಿನ ವಾರ ಒಂದು ಮುದ್ರಣಾಲಯದಲ್ಲಿ ಅವನಿಗೆ ಕರಡು ತಿದ್ದುವ ಕೆಲಸ ಸಿಕ್ಕಿತು. ಸಾಧಾರಣ ಕೆಲಸ, ಆದರೆ ಸಂಜೆ ಶಿಳ್ಳೆ ಹಾಕುತ್ತಾ ಮನೆಗೆ ಬರುತ್ತಿದ್ದ.

ಪಾಠ ಶುರುವಾದ ಸೋಮವಾರ ಅವಳು ಒಬ್ಬಳೇ ತರಗತಿಗೆ ಹೋದಳು. ಹಾಜರಿ ಮುಗಿಸುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಸರ್ ಬರೋದಿಲ್ಲವೇ ಎಂದು ಕೇಳಿದಳು.

“ಇಲ್ಲಮ್ಮ, ಈ ಸಲ ನಾನೊಬ್ಬಳೇ,” ಎಂದು ಅವಳು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೂಲೆಯಲ್ಲಿ ತಾರೀಖು ಬರೆದಳು.